ಅಮ್ಮನಿಗಾಗಿ ರೇಡಿಯೋ ಪರದೆಯಲ್ಲಿ ಅಕ್ಷರ ಬರಿಸಿದ್ದು

ಅಮ್ಮನಿಗೆ ಈಚೆಗೆ ಕಿವಿ ಸ್ವಲ್ಪ ಮಂದ. ಹಾಡು ಕೇಳಿಸುತ್ತದೆ, ಆದರೆ ನಿರೂಪಕರು ಗಡಿಬಿಡಿಯಲ್ಲಿ ಹೇಳುವ ಹೆಸರು ಸಿಗುವುದಿಲ್ಲ. "ಯಾರು ಹಾಡಿದ್ದೋ ಇದು?" ಅಂತ ಅಡುಗೆಮನೆಯಿಂದಲೇ ಕೂಗುತ್ತಾಳೆ. ಹಾಗಾಗಿ ಭಾವ ಅಮೆರಿಕದಿಂದ ವಾಪಸ್ ಬರುವಾಗ ತಮ್ಮ ಹಳೆಯ ಎಫ್‌ಎಂ ಟ್ಯೂನರ್ ತಂದುಕೊಟ್ಟಾಗ ನನಗೆ ತುಂಬಾ ಖುಷಿಯಾಯಿತು. ಅದರಲ್ಲಿ ಆರ್‌ಡಿಎಸ್ ಇತ್ತು. ಅಂದರೆ ಸ್ಟೇಷನ್ ಕಳಿಸಿದರೆ ಅದರ ಹೆಸರು, ಹಾಡಿನ ವಿವರ, ಗಂಟೆ ಎಲ್ಲವೂ ಪರದೆಯ ಮೇಲೆ ಬರುತ್ತದೆ.

ಅಲ್ಲಿನ ಸೆಟ್ 120 ವೋಲ್ಟಿನದು. ಬೆಂಗಳೂರಿನ ಎಸ್.ಪಿ. ರೋಡಿನಿಂದ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದು ಹಾಕಿದೆ. ಧ್ವನಿ ಬಂತು. ಅಕ್ಷರ ಬರಲಿಲ್ಲ.

ನಮ್ಮದು ಗಿರಿನಗರದಲ್ಲಿ ಮೊದಲನೇ ಮಹಡಿ, ಸುತ್ತಲೂ ಅಪಾರ್ಟ್‌ಮೆಂಟ್. ಹಾಡು ಚೆನ್ನಾಗಿಯೇ ಕೇಳಿಸುತ್ತಿತ್ತು, ಹಾಗಾಗಿ ಸೆಟ್ಟೇ ಕೆಟ್ಟಿದೆ ಅಂದುಕೊಂಡೆ. ವಿಷಯ ಬೇರೆ. ಎಫ್‌ಎಂನಲ್ಲಿ ಧ್ವನಿ 15 ಕಿಲೋಹರ್ಟ್ಸ್ ಒಳಗೆ ಮುಗಿಯುತ್ತದೆ, ಸ್ಟೀರಿಯೋ ಭಾಗ 53ರವರೆಗೆ. ಅಕ್ಷರಗಳು ಅದಕ್ಕೂ ಮೇಲೆ, 57 ಕಿಲೋಹರ್ಟ್ಸ್‌ನಲ್ಲಿ, ಬಹಳ ಕ್ಷೀಣವಾಗಿ ಹೋಗುತ್ತವೆ. ಎಫ್‌ಎಂನಲ್ಲಿ ಮೇಲೆ ಹೋದಷ್ಟೂ ಗದ್ದಲ ಜಾಸ್ತಿ. ಸಿಗ್ನಲ್ ಸ್ವಲ್ಪ ಸೊರಗಿದರೆ, ಗೋಡೆಗಳಿಗೆ ಬಡಿದು ಎರಡೆರಡು ದಾರಿಯಲ್ಲಿ ಬಂದರೆ, ಮೊದಲು ಹೋಗುವುದು ಅಕ್ಷರ.

ಆದ್ದರಿಂದ ಮೊದಲು ಕೈ ಹಾಕಬೇಕಾದದ್ದು ಆಂಟೆನಾಗೆ. ಚಪ್ಪಟೆ ವೈರಿನ ಟಿ ಆಕಾರದ ಆಂಟೆನಾ ಮಾಡಿದೆ, ಒಂದೊಂದು ತೋಳು ಸುಮಾರು 73 ಸೆಂಟಿಮೀಟರ್. ಟಿವಿ ಹಿಂದೆ ಕಟ್ಟಿದಾಗ ಏನೂ ಬರಲಿಲ್ಲ. ಕಿಟಕಿ ಹತ್ತಿರ ಪರವಾಗಿಲ್ಲ, ಆದರೆ ಪಕ್ಕದ ಎಲ್‌ಇಡಿ ಬಲ್ಬ್ ಹಾಕಿದ ಕೂಡಲೇ ಹೆಸರು ಮಾಯ. ಕೊನೆಗೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಕೋಲಿಗೆ ಕಟ್ಟಿದೆ. ಒಂದೊಂದು ಗೇಣು ಸರಿಸುತ್ತಾ ಪರದೆಯನ್ನೇ ನೋಡುತ್ತಿದ್ದೆ. ಕಿವಿಯನ್ನು ನಂಬಬೇಡಿ. ಸ್ಟೇಷನ್ ಹಾಕಿದ ಮೇಲೆ ಹೆಸರು ಪೂರ್ತಿ ಮೂಡಲು ಎಷ್ಟು ಹೊತ್ತಾಗುತ್ತದೆ ಅಂತ ನೋಡಿ. ಸಿಗ್ನಲ್ ಚೆನ್ನಾಗಿದ್ದರೆ ಒಂದೆರಡು ಸೆಕೆಂಡ್ ಸಾಕು.

ಹೆಸರಿನ ಜಾಗದಲ್ಲಿ ಎಂಟೇ ಅಕ್ಷರ ಹಿಡಿಸುವುದು. ಕೆಲವು ಸ್ಟೇಷನ್‌ಗಳು ಅಲ್ಲೇ ಗಾಯಕರ ಹೆಸರನ್ನೂ ತೋರಿಸುತ್ತವೆ. ಒಂದು ಸಂಜೆ ಇಂಗ್ಲಿಷಿನಲ್ಲಿ ಎಸ್ ಬಂತು, ಆಮೇಲೆ ಖಾಲಿ, ಆಮೇಲೆ ಎನ್, ಎ, ಕೆ, ಐ. ಕೋಲನ್ನು ಇನ್ನೊಂದು ಗೇಣು ಸರಿಸಿದೆ. ನಡುವಿನ ಜೆ ಮತ್ತು ಎ ಒಟ್ಟಿಗೇ ಬಂದು ಕೂತವು. ಎಸ್. ಜಾನಕಿ! ಇನಿಶಿಯಲ್, ನಡುವಿನ ಜಾಗ ಸೇರಿ ಸರಿಯಾಗಿ ಎಂಟು. ಅಕ್ಷರಗಳು ಎರಡೆರಡಾಗಿ ಬರುತ್ತವೆ, ಎರಡೆರಡಾಗಿಯೇ ಕಾಣೆಯಾಗುತ್ತವೆ. ಕೆಟ್ಟು ಬಂದ ತುಣುಕನ್ನು ಸೆಟ್ ತಾನೇ ಬಿಟ್ಟುಬಿಡುತ್ತದೆ. ಹಾಗಾಗಿ ತಪ್ಪು ಅಕ್ಷರಕ್ಕಿಂತ ಖಾಲಿ ಜಾಗವೇ ಜಾಸ್ತಿ ಕಾಣುವುದು. ಉದ್ದದ ವಿವರಕ್ಕೆ ಬೇರೆ ಸಾಲಿದೆ, ಅದರಲ್ಲಿ 64 ಅಕ್ಷರ. ಅದು ತುಂಬಲು ಇನ್ನಷ್ಟು ಹೊತ್ತು ಬೇಕು.

ಇನ್ನೊಂದು ತೊಡಕಿತ್ತು. ಕನ್ನಡ ಸಿನಿಮಾ ಹಾಡು ಬರುತ್ತಿದ್ದರೆ ಕಾರ್ಯಕ್ರಮದ ಬಗೆ ಅಂತ 'ಕಂಟ್ರಿ', ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತ, ಅಂತ ತೋರಿಸುತ್ತಿತ್ತು. ಸ್ಟೇಷನ್ ಕಳಿಸುವುದು ಬರೀ ಸಂಖ್ಯೆ. ಯುರೋಪಿನ ಪಟ್ಟಿಯಲ್ಲಿ 10 ಅಂದರೆ ಪಾಪ್, ಅಮೆರಿಕದ ಪಟ್ಟಿಯಲ್ಲಿ ಅದೇ 10 ಕಂಟ್ರಿ. ಮೆನುವಿನಲ್ಲಿ ಪ್ರದೇಶ ಅನ್ನುವುದನ್ನು ಯುರೋಪ್‌ಗೆ ಬದಲಿಸಿದೆ. ಆಗ 90.4ರ ಸಮುದಾಯ ರೇಡಿಯೋ ಕೂಡ ನೆಟ್ಟಗೆ ಸಿಕ್ಕಿತು. ಅಮೆರಿಕದ ಲೆಕ್ಕದಲ್ಲಿ ಸೆಟ್ 90.3ರಿಂದ ಸೀದಾ 90.5ಕ್ಕೆ ಹಾರುತ್ತಿತ್ತು. ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸಿದ್ದು ಧ್ವನಿ. ಅಲ್ಲಿನ ಸೆಟ್‌ಗಳು ಮೇಲಿನ ಸ್ವರಗಳನ್ನು ಇಲ್ಲಿಗೆ ಬೇಕಾದದ್ದಕ್ಕಿಂತ ಜಾಸ್ತಿ ತಗ್ಗಿಸುತ್ತವೆ. ಬದಲಿಸಿದ ಮೇಲೆ ಅಮ್ಮ, "ಈಗ ಮಾತು ಬಿಡಿಬಿಡಿಯಾಗಿ ಕೇಳಿಸ್ತಿದೆ ಕಣೋ" ಅಂದಳು.

ಗಡಿಯಾರವನ್ನು ಮಾತ್ರ ರೇಡಿಯೋಗೆ ಬಿಡಲಿಲ್ಲ. ಒಂದು ಸ್ಟೇಷನ್ನಿನಿಂದ ಸಮಯ ತೆಗೆದುಕೊಂಡು ಸೆಟ್ ಐದೂವರೆ ಗಂಟೆ ಹಿಂದೆ ಹೋಗಿತ್ತು. ಆರ್‌ಡಿಎಸ್ ಜಾಗತಿಕ ಸಮಯವನ್ನೂ ಅದಕ್ಕೆ ಎಷ್ಟು ಅರ್ಧಗಂಟೆ ಕೂಡಿಸಬೇಕು ಅನ್ನುವುದನ್ನೂ ಬೇರೆ ಬೇರೆ ಕಳಿಸುತ್ತದೆ. ನಮಗೆ 11 ಅರ್ಧಗಂಟೆ. ಆ 11 ಅವರಿಂದ ಬರುತ್ತಿರಲಿಲ್ಲ ಅಂತ ಕಾಣುತ್ತದೆ. ಅಮ್ಮ ಮಾತ್ರೆ ತೆಗೆದುಕೊಳ್ಳುವುದು ಆ ಗಡಿಯಾರ ನೋಡಿಯೇ, ಹಾಗಾಗಿ ಕೈಯಿಂದಲೇ ಹೊಂದಿಸಿದ್ದೇನೆ.

ನನ್ನ ಆಸೆ ಇರುವುದು ಕನ್ನಡ ಅಕ್ಷರದ ಮೇಲೆ. ಆರ್‌ಡಿಎಸ್ ಯುರೋಪಿನಲ್ಲಿ 1980ರ ದಶಕದಲ್ಲಿ ಆದದ್ದು. ಅದರ ಹಳೆಯ ಅಕ್ಷರ ಪಟ್ಟಿಗಳಲ್ಲಿ ಗ್ರೀಕ್, ಅರಬ್ಬಿ, ಹೀಬ್ರೂ ಇವೆ. ಕನ್ನಡ ಇಲ್ಲ. ಆಕಾಶವಾಣಿ ಮಧ್ಯಮ ತರಂಗದಲ್ಲಿ ತಂದಿರುವ ಡಿಆರ್‌ಎಂ ಅನ್ನುವ ಡಿಜಿಟಲ್ ರೇಡಿಯೋದಲ್ಲಿ ಆ ಅಡ್ಡಿ ಇಲ್ಲ. ಅದು ಕನ್ನಡವೂ ಇರುವ ಯೂನಿಕೋಡ್ ಅಕ್ಷರ ಪಟ್ಟಿಯನ್ನು ಒಯ್ಯುತ್ತದೆ, ಒಂದು ಸಂದೇಶಕ್ಕೆ 128 ಬೈಟ್. ಕೂತು ಎಣಿಸಿದೆ. ಕನ್ನಡದಲ್ಲಿ 'ಎಸ್. ಜಾನಕಿ' ಅಂತ ಬರೆಯಲು 26 ಬೈಟ್ ಸಾಕು. ಹಾಡಿನ ಮೊದಲ ಸಾಲೂ ಹಿಡಿಸುತ್ತದೆ, ಅಲ್ವಾ?

ಅಲ್ಲಿವರೆಗೆ ಅಮ್ಮ ಇಂಗ್ಲಿಷ್ ಅಕ್ಷರಗಳನ್ನೇ ಕೂಡಿಸಿ ಓದುತ್ತಾಳೆ. ರೇಡಿಯೋ ಪಕ್ಕ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದಾಳೆ. ಹೆಸರು ಗೊತ್ತಾದ ಕೂಡಲೇ ಅದರಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಾಳೆ.