ಸ್ಕೇಟಿಂಗ್ ಕಲಿಸೋರು ಮೊದ್ಲ ಬೀಳೋದು ಕಲಿಸ್ರಿ

ನಮಸ್ಕಾರ್ರೀ ಎಲ್ಲಾರಿಗೂ. ಟಿವಿಯೊಳಗ ಫಿಗರ್ ಸ್ಕೇಟಿಂಗ್ ನೋಡಿ ಮಗಳು ನಾನೂ ಹಂಗ ತಿರಗಬೇಕು ಅಂತಾಳ, ಎಲ್ಲಿಂದ ಶುರು ಮಾಡ್ಲಿ ಅಂತ ಮೊನ್ನೆ ಒಬ್ರು ಅಕ್ಕಾರು ಕೇಳಿದ್ರಲ್ಲ, ಅದಕ್ಕ ಬರಿಯಾಕತ್ತೀನಿ. ಐಸ್ ನಮ್ಮ ಹುಬ್ಬಳ್ಳಿಗೆ ದೂರದ ಮಾತು, ಆದ್ರ ನಾಕು ಗಾಲಿ ಸ್ಕೇಟ್ಸ್ ಮ್ಯಾಲೂ ಹೆಚ್ಚುಕಡಿಮಿ ಅದೇ ಮೆಟ್ಟಿಲು, ನನ್ನ ಮಗಳೂ ಹಂಗ ಕಲಿಯಾಕತ್ತಾಳ.

ಮೊದ್ಲ ಬೀಳೋದು, ಏಳೋದು. ಬ್ಯಾಲೆನ್ಸ್ ತಪ್ಪಿದ್ರ ಮೊಣಕಾಲು ಮಡಚಿ ಒಂದ್ ಮಗ್ಗಲಿಗೆ ಕುಂಡ್ರಬೇಕು, ಕೈ ಹಿಂದಕ ಊರಬಾರದು, ಮಣಿಕಟ್ಟಿಗೆ ಪೆಟ್ಟು ಬೀಳೋದು ಅಲ್ಲೇ. ಆಮ್ಯಾಲೆ ನಿಂತಲ್ಲೇ ಹೆಜ್ಜಿ, ಎರಡೂ ಕಾಲ್ ಮ್ಯಾಲೆ ಜಾರೋದು, ನಿಲ್ಲೋದು, ಒಂದ್ ಕಾಲು, ಹಿಂದಕ ಹೋಗೋದು, ಕ್ರಾಸ್‌ಓವರ್ (ಒಂದ್ ಕಾಲ್ ಮ್ಯಾಲಿಂದ ಇನ್ನೊಂದ್ ಕಾಲ್ ದಾಟಿಸಿ ಇಡೋದು). ತಿರಗೋದು, ಜಿಗಿಯೋದು ಎಲ್ಲಾ ಕಡೀಕ.

ಒಂದ್ ಕಾಲಿನ ಗ್ಲೈಡಿಗೆ ಭಾಳ ದಿನ ಕೊಡ್ರಿ, ಅವಸರ ಬ್ಯಾಡ. ಐಸ್ ಬ್ಲೇಡಿಗೆ ಒಳಗಿಂದು ಹೊರಗಿಂದು ಅಂತ ಎರಡು ಎಡ್ಜ್, ಅಂದ್ರ ಅಂಚು, ಇರ್ತಾವ, ಜಂಪು ಸ್ಪಿನ್ನು ಎಲ್ಲಾ ಅದರ ಮ್ಯಾಲೇ ನಿಂತದ. ನಾನು ಟೆರೇಸಿನ್ಯಾಗ ಖಡುಲೆ ದೊಡ್ಡ ಎಂಟು ಬರದು ಒಂದೊಂದು ಸುತ್ತು ಒಂದೊಂದು ಕಾಲಿನ ಮ್ಯಾಲೆ ಅಂತ ಮಾಡಸ್ತೀನಿ, ಪಾದ ಯಾ ಕಡಿ ವಾಲಿಸಿದ್ರ ಯಾ ಕಡಿ ತಿರಗತೈತಿ ಅಂತ ಅಕಿಗೇ ತಿಳೀತೈತಿ. ಫಿಗರ್ ಅನ್ನೋ ಹೆಸ್ರು ಬಂದಿದ್ದೂ ಐಸ್ ಮ್ಯಾಲೆ ಇಂಥಾ ಆಕಾರ ಕೊರಿಯೋದ್ರಿಂದನ, 1990ರ ತನಕ ವರ್ಲ್ಡ್ ಚಾಂಪಿಯನ್‌ಶಿಪ್‌ನ್ಯಾಗ ಅದಕ್ಕ ಬ್ಯಾರೆ ಮಾರ್ಕ್ಸ್ ಇದ್ವು.

ಹಾಂ, ಮುಂದಿನ ವರ್ಷಕ್ಕೂ ಆಕ್ಕೈತಿ ಅಂತ ದೊಡ್ಡ ಸೈಜ್ ಶೂ ತಗೋಬ್ಯಾಡ್ರಿ, ಹಿಮ್ಮಡಿ ಒಳಗ ಅಲಗಾಡಿದ್ರ ಎಡ್ಜ್ ಹಿಡಿಯಾಕ ಬರೂದಿಲ್ಲ. ಹೆಲ್ಮೆಟ್, ರಿಸ್ಟ್ ಗಾರ್ಡ್ ಮಾತ್ರ ಮೊದಲ್ನೇ ದಿನದಿಂದನ ಹಾಕಸ್ರಿ.