ಮೊದಲ ಸ್ಟ್ರೀಮರ್: ಆಂಪ್‌ನ ಬೆನ್ನು, ಫೋನಿನ ಆ್ಯಪ್, ಆಮೇಲೆ ಅಂಗಡಿ

ಇಂಟರ್ನೆಟ್ಟಿನ, ಮನೆಯ ನೆಟ್‌ವರ್ಕಿನ ಹಾಡುಗಳನ್ನು ಆಂಪ್‌ಗೆ ಮುಟ್ಟಿಸುವ ಪೆಟ್ಟಿಗೆ, ಅಂದರೆ ಸ್ಟ್ರೀಮರ್, ಕೊಳ್ಳಬೇಕು ಅಂದುಕೊಂಡಾಗ ಮೊದಲು ಮಾಡಿದ ಕೆಲಸ, ಆಂಪ್ಲಿಫೈಯರನ್ನು ಗೋಡೆಯಿಂದ ಈಚೆಗೆ ಎಳೆದು ಟಾರ್ಚ್ ಬಿಟ್ಟು ಅದರ ಬೆನ್ನು ನೋಡಿದ್ದು. ನನ್ನದು ಎರಡು ಚಾನೆಲ್‌ನ ಹಳೇ ಇಂಟಿಗ್ರೇಟೆಡ್ ಆಂಪ್ (ವಾಲ್ಯೂಮ್ ಗುಂಡಿಯೂ ಶಕ್ತಿ ಕೊಡುವ ಭಾಗವೂ ಒಂದೇ ಪೆಟ್ಟಿಗೆಯಲ್ಲಿರುವುದು). ಸಿಡಿ, ಟ್ಯೂನರ್, ಆಕ್ಸ್, ಟೇಪ್, ಫೋನೊ, ಎಲ್ಲವೂ ಕೆಂಪು-ಬಿಳಿ ಆರ್‌ಸಿಎ ಸಾಕೆಟ್‌ಗಳು. ಡಿಜಿಟಲ್ ಇನ್‌ಪುಟ್‌ಗಳಾದ ಆಪ್ಟಿಕಲ್ ಇಲ್ಲ, ಕೋಆಕ್ಸಿಯಲ್ ಇಲ್ಲ, ಯುಎಸ್‌ಬಿ ಇಲ್ಲ. ಅಂದರೆ ಆಂಪ್‌ನೊಳಗೆ ಡ್ಯಾಕ್ ಇಲ್ಲ. ಡಿಜಿಟಲ್ಲನ್ನು ಅನಲಾಗ್ ಮಾಡುವ ಡ್ಯಾಕ್‌ನ ಕೆಲಸ ಸ್ಟ್ರೀಮರಿನದೇ. ನಿಮ್ಮ ಆಂಪ್‌ನಲ್ಲಿ ಆಪ್ಟಿಕಲ್ ಅಥವಾ ಕೋಆಕ್ಸಿಯಲ್ ಇನ್‌ಪುಟ್ ಇದ್ದರೆ ಒಳಗೆ ಡ್ಯಾಕ್ ಇದೆ ಎಂದೇ ಅರ್ಥ. ಆಗ ಸ್ಟ್ರೀಮರಿನೊಳಗಿನ ಡ್ಯಾಕ್‌ಗೆ ಹೆಚ್ಚು ಹಣ ಸುರಿಯುವುದು ಒಂದೇ ಕೆಲಸಕ್ಕೆ ಎರಡು ಸಲ ಕೂಲಿ ಕೊಟ್ಟ ಹಾಗೆ.

ಸಿಡಿ, ಟ್ಯೂನರ್, ಆಕ್ಸ್, ಟೇಪ್ ಇನ್, ಈ ನಾಲ್ಕರಲ್ಲಿ ಯಾವುದಕ್ಕೆ ಚುಚ್ಚಿದರೂ ಆಗುತ್ತದೆ. ಫೋನೊಗೆ ಮಾತ್ರ ಚುಚ್ಚಬಾರದು. ಅದು ರೆಕಾರ್ಡ್ ಪ್ಲೇಯರಿನ ಸೂಜಿ ಕೊಡುವ ಕೆಲವೇ ಮಿಲಿವೋಲ್ಟ್‌ಗಾಗಿ ಇರುವ ದಾರಿ: ಸಿಗ್ನಲ್ಲನ್ನು ಸುಮಾರು 40 ಡೆಸಿಬೆಲ್ ಹಿಗ್ಗಿಸುತ್ತದೆ, ಬಾಸ್ ಎತ್ತುತ್ತದೆ, ಟ್ರೆಬಲ್ ತಗ್ಗಿಸುತ್ತದೆ. ಸ್ಟ್ರೀಮರ್ ಕೊಡುವುದು 2 ವೋಲ್ಟ್. ಅಲ್ಲಿ ಸೇರಿಸಿದರೆ ಒಡೆದು ಚೂರಾದ ದನಿ ಬರುತ್ತದೆ, ಜೊತೆಗೆ ಸ್ಪೀಕರಿಗೂ ಅಪಾಯ.

ಎರಡನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು: ಮನೆಯವರು ದಿನವೂ ಯಾವ ಆ್ಯಪ್‌ನಲ್ಲಿ ಕೇಳುತ್ತಾರೆ? ಸ್ಟ್ರೀಮರಿನ ಡಬ್ಬಿಯ ಮೇಲೆ ಹತ್ತಾರು ಚಿಹ್ನೆಗಳಿರುತ್ತವೆ. ಅವುಗಳಲ್ಲಿ ಟೈಡಲ್ ಮತ್ತು ಕೋಬಝ್ ಎಂಬ ಹಾಡಿನ ಸೇವೆಗಳು ಭಾರತದಲ್ಲಿ ಅಧಿಕೃತವಾಗಿ ಇಲ್ಲವೇ ಇಲ್ಲ. ಹೊರದೇಶದ ವಿಮರ್ಶೆಗಳು ಅರ್ಧ ಪುಟ ಬರೆಯುವುದು ಆ ಎರಡರ ಬಗ್ಗೆಯೇ. ಬೆಂಗಳೂರಿನಲ್ಲಿ ಕೂತು ಓದುವವರು ಆ ಭಾಗವನ್ನು ದಾಟಿ ಮುಂದೆ ಹೋಗಬಹುದು. ನಮ್ಮಲ್ಲಿ ನಿಜವಾಗಿ ಓಡುವುದು ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್, ಆ್ಯಪಲ್ ಮ್ಯೂಸಿಕ್, ಅಮೆಜಾನ್ ಮ್ಯೂಸಿಕ್, ಜಿಯೋಸಾವನ್. ಇವು ಸ್ಟ್ರೀಮರನ್ನು ತಲುಪುವ ದಾರಿ ಬೇರೆ ಬೇರೆ.

ಸ್ಪಾಟಿಫೈ ಕನೆಕ್ಟ್‌ನಲ್ಲಿ ಫೋನ್ ಬರೀ ರಿಮೋಟ್. ಹಾಡನ್ನು ಸ್ಟ್ರೀಮರೇ ನೇರವಾಗಿ ಇಂಟರ್ನೆಟ್ಟಿನಿಂದ ಎಳೆದುಕೊಳ್ಳುತ್ತದೆ. ಫೋನಿಗೆ ಕರೆ ಬಂದರೂ ಹಾಡು ನಿಲ್ಲದು, ಫೋನ್ ಹಿಡಿದು ತರಕಾರಿ ತರಲು ಹೋದರೂ ನಿಲ್ಲದು. ಸ್ಪಾಟಿಫೈ 2025ರಲ್ಲಿ ಲಾಸ್‌ಲೆಸ್ (ಗುಣ ಕಳೆಯದೆ ಕಳಿಸುವ ದನಿ) ಕೂಡ ತಂದಿತು, 24 ಬಿಟ್, 44.1 ಕಿಲೋಹರ್ಟ್ಸ್‌ವರೆಗೆ. ಆದರೆ ಅದು ಎಲ್ಲ ಚಂದಾಗಳಲ್ಲಿ ಇಲ್ಲ, ಸ್ಟ್ರೀಮರಿನೊಳಗಿನ ತಂತ್ರಾಂಶ (ಫರ್ಮ್‌ವೇರ್) ಕೂಡ ಒಪ್ಪಬೇಕು. ಎರಡನ್ನೂ ನೋಡಿಯೇ ದುಡ್ಡು ಕಟ್ಟಿ. ಯೂಟ್ಯೂಬ್ ಮ್ಯೂಸಿಕ್‌ಗೆ ಗೂಗಲ್ ಕ್ಯಾಸ್ಟ್ (ಆ್ಯಪ್‌ನ ಹಾಡನ್ನು ವೈಫೈ ಮೂಲಕ ಸ್ಟ್ರೀಮರಿಗೆ ದಾಟಿಸುವ ಗೂಗಲ್‌ನ ದಾರಿ) ಬೇಕು. ಅದಿಲ್ಲದ ಸ್ಟ್ರೀಮರ್ ತಂದರೆ ಆಂಡ್ರಾಯ್ಡ್ ಫೋನಿನವರಿಗೆ ಬ್ಲೂಟೂತೇ ಗತಿ. ಬ್ಲೂಟೂತ್‌ನಲ್ಲಿ ಫೋನು ಹಾಡನ್ನು ಇನ್ನೊಮ್ಮೆ ಕುಗ್ಗಿಸಿ ಕಳಿಸುತ್ತದೆ, ಕರೆ ಬಂದಾಗ ಹಾಡು ನಿಲ್ಲುತ್ತದೆ, ಕೋಣೆ ದಾಟಿದರೆ ತುಂಡಾಗುತ್ತದೆ. ಐಫೋನಿನವರಿಗೆ ಆ್ಯಪಲ್‌ನ ಅಂಥದೇ ದಾರಿ ಏರ್‌ಪ್ಲೇ 2 ಇದ್ದರೆ ಯಾವ ಆ್ಯಪ್ ಆದರೂ ಆದೀತು, ಆದರೆ ಆ್ಯಪಲ್ ಮ್ಯೂಸಿಕ್‌ನ ಹೈ-ರೆಸ್ (ಸಿಡಿಗಿಂತ ಹೆಚ್ಚು ವಿವರದ ದನಿ) ಆ ದಾರಿಯಲ್ಲಿ ಬರುವುದಿಲ್ಲ. ಅದೇ ಬೇಕೆಂದರೆ ಫೋನಿಗೆ ಯುಎಸ್‌ಬಿ ಡ್ಯಾಕ್ ಚುಚ್ಚಿ ತಂತಿಯಲ್ಲೇ ಆಂಪ್‌ಗೆ ಕೊಡಬೇಕು. ಅಂಥವರಿಗೆ ಸ್ಟ್ರೀಮರೇ ಬೇಡ, ಆ ಹಣದಲ್ಲಿ ಒಳ್ಳೆಯ ಡ್ಯಾಕ್ ಕೊಳ್ಳಲಿ.

ನಮ್ಮ ಮನೆಯಲ್ಲಿ ಒಬ್ಬರದು ಐಫೋನ್, ಇನ್ನೊಬ್ಬರದು ಆಂಡ್ರಾಯ್ಡ್. ಸ್ಪಾಟಿಫೈ ಒಂದು ಕಡೆ, ಯೂಟ್ಯೂಬ್ ಮ್ಯೂಸಿಕ್ ಇನ್ನೊಂದು ಕಡೆ. ಮೇಲೆ ಸಿಡಿಗಳಿಂದ ಮಾಡಿಕೊಂಡ ಫ್ಲ್ಯಾಕ್ (ಗುಣ ಕಳೆಯದೆ ಕುಗ್ಗಿಸಿದ ಫೈಲ್) ಸಂಗ್ರಹ. ಕ್ಯಾಸ್ಟ್, ಏರ್‌ಪ್ಲೇ, ಕನೆಕ್ಟ್, ಡಿಎಲ್‌ಎನ್‌ಎ (ಮನೆಯ ನೆಟ್‌ವರ್ಕಿನಲ್ಲಿರುವ ಫೈಲ್ ನುಡಿಸುವ ದಾರಿ) ನಾಲ್ಕೂ ಇರಬೇಕು, ತಂತಿಯ ನೆಟ್‌ವರ್ಕಿಗೆ ಈಥರ್ನೆಟ್ ಇರಬೇಕು, ಆರ್‌ಸಿಎ ಔಟ್ ಇರಬೇಕು ಎಂದು ಬರೆದುಕೊಂಡಾಗ ಕೈಗೆಟುಕುವ ಬೆಲೆಯಲ್ಲಿ ಉಳಿದದ್ದು ವಿಮ್ (WiiM) ಕಂಪನಿಯ ಪ್ರೊ. ಅದರ ತಮ್ಮ ವಿಮ್ ಮಿನಿಗೆ ಈಥರ್ನೆಟ್ ಇಲ್ಲ. ಪ್ರೊ ಪ್ಲಸ್‌ನಲ್ಲಿ ಡ್ಯಾಕ್ ಇನ್ನೂ ಚೆನ್ನಾಗಿದೆ. ಅಲ್ಟ್ರಾದಲ್ಲಿ ಪರದೆಯಿದೆ, ಹಾಡಿನ ಡಿಸ್ಕ್ ಚುಚ್ಚಲು ಯುಎಸ್‌ಬಿ ಇದೆ, ಆದರೆ ಏರ್‌ಪ್ಲೇ ಇಲ್ಲ. ಐಫೋನಿರುವ ಮನೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ದುಬಾರಿಯದು ಎಲ್ಲದರಲ್ಲೂ ಮೇಲು ಎಂದುಕೊಳ್ಳಬೇಡಿ. ಡ್ಯಾಕ್ ಚಿಪ್ಪಿನ ಹೆಸರಿಗೆ ನಾನು ಕೊಟ್ಟ ತೂಕ ತೀರಾ ಕಡಿಮೆ. ಇವತ್ತಿನ ಸಾಧಾರಣ ಡ್ಯಾಕ್‌ಗಳ ತಪ್ಪು ನಮ್ಮ ಸ್ಪೀಕರ್ ಮತ್ತು ಕೋಣೆಯ ತಪ್ಪಿನ ಮುಂದೆ ಲೆಕ್ಕಕ್ಕೇ ಬಾರದಷ್ಟು ಕಡಿಮೆ.

ನಾನು ತುಂಬ ಹೊತ್ತು ಪರೀಕ್ಷಿಸಿದ ಗುಣ ಬೇರೆ: ಒಂದು ಟ್ರ್ಯಾಕ್ ಮುಗಿದು ಮುಂದಿನದು ಶುರುವಾಗುವಾಗ ನಡುವೆ ಮೌನ ಬರಬಾರದು. ಸಿನಿಮಾ ಹಾಡು ಕೇಳುವವರಿಗೆ ಇದು ಗೊತ್ತೇ ಆಗುವುದಿಲ್ಲ. ಕಛೇರಿ ಕೇಳುವವರಿಗೆ ಇದೇ ಪ್ರಾಣ. ಆಲಾಪನೆ ಒಂದು ಟ್ರ್ಯಾಕ್, ತಾನ ಇನ್ನೊಂದು, ಪಲ್ಲವಿ ಮತ್ತೊಂದು, ತನಿ ಆವರ್ತನ ಮಗದೊಂದು ಎಂದು ಸಿಡಿಗಳಲ್ಲಿ ಕತ್ತರಿಸಿರುತ್ತಾರೆ. ಹಿಂದೂಸ್ತಾನಿಯಲ್ಲಿ ವಿಲಂಬಿತ್‌ನಿಂದ ದ್ರುತ್‌ಗೆ ಹೋಗುವಲ್ಲಿ ಕತ್ತರಿ ಬೀಳುತ್ತದೆ. ಹಿಂದೆ ತಂಬೂರಿ ಮಾತ್ರ ಎಡೆಬಿಡದೆ ನುಡಿಯುತ್ತಿರುತ್ತದೆ. ಅರ್ಧ ಸೆಕೆಂಡ್ ಮೌನ ಬಂದರೂ ಶ್ರುತಿ ಕಡಿದು, ಮಲ್ಲಿಕಾರ್ಜುನ ಮನ್ಸೂರರು ಕಟ್ಟಿದ ರಾಗದ ಹವೆಯೇ ಹಾರಿಹೋಗುತ್ತದೆ. ಕ್ಯಾಸ್ಟ್ ಮಾಡಿದಾಗ ಈ ಅಂತರ ಕಾಣಿಸಿಕೊಳ್ಳುವುದು ಸಾಮಾನ್ಯ. ಸ್ಪಾಟಿಫೈ ಕನೆಕ್ಟ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆ್ಯಪ್‌ನೊಳಗೆ ಕ್ರಾಸ್‌ಫೇಡ್ ಆನ್ ಆಗಿದ್ದರೆ ಒಂದು ಟ್ರ್ಯಾಕಿನ ಬಾಲ ಇನ್ನೊಂದರ ತಲೆಯ ಮೇಲೆ ಕೂರುತ್ತದೆ, ಅದನ್ನು ಆರಿಸಿ. ದನಿ ಸಮ ಮಾಡುವ ನಾರ್ಮಲೈಸ್ ಕೂಡ ಆರಿಸಿ. ಅಂಗಡಿಯಲ್ಲಿ ಡೆಮೊ ಕೇಳುವಾಗ ಹೀಗೆ ಎರಡು ಟ್ರ್ಯಾಕಿಗೆ ಒಡೆದ ಒಂದು ಕಛೇರಿಯನ್ನು ನಿಮ್ಮ ಫೋನಿನಿಂದಲೇ ಹಾಕಿಸಿ, ಮೊದಲಿನದರ ಕೊನೆಯ 10 ಸೆಕೆಂಡಿಗೆ ಎಳೆದು ಕೇಳಿ.

ಸ್ವಂತ ಸಿಡಿಗಳ ಲೆಕ್ಕ ಹೀಗಿದೆ. ಒಂದು ಗಂಟೆಯ ಸಿಡಿ ಕುಗ್ಗಿಸದೆ 635 ಎಂಬಿ. ಫ್ಲ್ಯಾಕ್ ಮಾಡಿದರೆ ಸಾಮಾನ್ಯವಾಗಿ 300ರಿಂದ 400. ಸರಾಸರಿ 350 ಎಂದಿಟ್ಟುಕೊಂಡರೂ 500 ಸಿಡಿಗೆ 175 ಜಿಬಿ. 256 ಜಿಬಿಯ ಎಸ್‌ಎಸ್‌ಡಿ ಒಂದನ್ನು ರೌಟರಿನ ಯುಎಸ್‌ಬಿಗೆ ಚುಚ್ಚಿ, ರೌಟರ್ ಸೆಟ್ಟಿಂಗ್‌ನಲ್ಲಿ ಮೀಡಿಯಾ ಸರ್ವರ್ ಆನ್ ಮಾಡಿದರೆ ಸ್ಟ್ರೀಮರಿನ ಆ್ಯಪ್‌ನಲ್ಲಿ ಕಾಣಿಸುತ್ತದೆ. ಕಂಪ್ಯೂಟರಿನಲ್ಲಿ ಸಿಡಿಯಿಂದ ಫ್ಲ್ಯಾಕ್ ಮಾಡಲು ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ತಂತ್ರಾಂಶ ಬಳಸಿದೆ. ಗೀಚಿದ ಸಿಡಿಯನ್ನೂ ಅದು ಮತ್ತೆ ಮತ್ತೆ ಓದಿ ನೋಡುತ್ತದೆ. ಕೆಲಸ ಹೆಚ್ಚು ಹಿಡಿದದ್ದು ಹೆಸರು ತಿದ್ದುವುದರಲ್ಲಿ. ಇಂಟರ್ನೆಟ್ಟಿನಿಂದ ತಾನಾಗಿ ಬರುವ ವಿವರದಲ್ಲಿ ಒಬ್ಬರೇ ಗಾಯಕರ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಾಗಿ ಬರೆದಿರುತ್ತಾರೆ, ಆ್ಯಪ್‌ನಲ್ಲಿ ನಾಲ್ಕು ಜನ ಗಾಯಕರಾಗಿಬಿಡುತ್ತಾರೆ. ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಆಲ್ಬಮ್ ಆರ್ಟಿಸ್ಟ್ ಎಂಬ ಕಡೆ ಒಂದೇ ಕಾಗುಣಿತ ಹಾಕಿ, ಟ್ರ್ಯಾಕಿನ ಹೆಸರಲ್ಲೇ ಮೊದಲು ರಾಗ, ಆಮೇಲೆ ಕೃತಿ ಬರೆದೆ. ರಾಗ ಹಿಡಿದು ಹುಡುಕಿದರೆ ಈಗ ಸಿಗುತ್ತದೆ. ಕನ್ನಡದಲ್ಲೂ ಬರೆಯಬಹುದು, ಫೋನಿನ ಆ್ಯಪ್ ಚೆನ್ನಾಗಿಯೇ ತೋರಿಸುತ್ತದೆ, ಆದರೆ ಕೆಲವು ಸ್ಟ್ರೀಮರುಗಳ ಸ್ವಂತ ಪರದೆಯಲ್ಲಿ ಅಕ್ಷರದ ಬದಲು ಚೌಕಗಳು ಬರುತ್ತವೆ. ಪರದೆಯಿರುವುದನ್ನು ಕೊಳ್ಳುವವರು ಇದನ್ನೂ ಅಂಗಡಿಯಲ್ಲೇ ನೋಡಲಿ.

ಇನ್ನು ನೆಟ್‌ವರ್ಕ್. ಸ್ಟ್ರೀಮರ್ ಸರಿಯಿಲ್ಲ ಎಂದು ಹಿಂದಿರುಗಿಸುವವರಲ್ಲಿ ಬಹಳ ಜನರ ತೊಂದರೆ ಇರುವುದು ಇಲ್ಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. 24 ಬಿಟ್, 192 ಕಿಲೋಹರ್ಟ್ಸ್ ಸ್ಟೀರಿಯೊ ಕುಗ್ಗಿಸದೆ ಕಳಿಸಿದರೂ 9.2 ಎಂಬಿಪಿಎಸ್ ಮಾತ್ರ. ವೇಗದ ಕೊರತೆ ಯಾರಿಗೂ ಇಲ್ಲ, ಇರುವುದು ಸ್ಥಿರತೆಯ ಕೊರತೆ. ಅಪಾರ್ಟ್‌ಮೆಂಟಿನಲ್ಲಿ ಕೂತು ವೈಫೈ ಅಳೆಯುವ ಆ್ಯಪ್ ತೆರೆದರೆ ಅಕ್ಕಪಕ್ಕ, ಮೇಲೆ ಕೆಳಗೆ ಸೇರಿ ಇಪ್ಪತ್ತಕ್ಕೂ ಹೆಚ್ಚು ಹೆಸರು ಕಾಣುತ್ತವೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಹೆಚ್ಚು, ಆದರೆ ಕಾಂಕ್ರೀಟ್ ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಸ್ಟ್ರೀಮರ್ ಇಡುವ ಜಾಗದಲ್ಲೇ ಫೋನ್ ಇಟ್ಟು ಅಳೆಯಿರಿ. ಮೈನಸ್ 65 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಅಥವಾ ಅದಕ್ಕಿಂತ ಚೆನ್ನಾಗಿದ್ದರೆ ನಡೆಯುತ್ತದೆ. ಮೈನಸ್ 75ರ ಆಚೆಗಾದರೆ ಹಾಡು ನಡುನಡುವೆ ಕಡಿಯುತ್ತದೆ. ಟಿವಿಯ ಹಿಂದೆ, ಕಬ್ಬಿಣದ ಸ್ಟ್ಯಾಂಡಿನೊಳಗೆ ಇಟ್ಟರೆ ಇನ್ನೂ ಕೆಡುತ್ತದೆ.

ನಾನು ಕೊನೆಗೆ ತಂತಿಯನ್ನೇ ಎಳೆದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಂಡ 15 ಮೀಟರ್ ಕ್ಯಾಟ್ 6 ನೆಟ್‌ವರ್ಕ್ ಕೇಬಲ್, ಎರಡೂ ತುದಿಗೆ ಪ್ಲಗ್ ಹಾಕಿಸಿಕೊಂಡದ್ದು. ಶೀಲ್ಡ್ (ಲೋಹದ ಹೊದಿಕೆ) ಇಲ್ಲದ ಮಾಮೂಲಿ ಯುಟಿಪಿಯನ್ನೇ ಕೇಳಿ. ಶೀಲ್ಡ್ ಇರುವ ಕೇಬಲ್ಲಿನ ಲೋಹದ ಪ್ಲಗ್ ರೌಟರಿನ ಗ್ರೌಂಡನ್ನೂ ಆಂಪ್‌ನ ಗ್ರೌಂಡನ್ನೂ ಬೆಸೆದು, ಇಲ್ಲದ ಗುಂಯ್ ಸದ್ದನ್ನು ಹುಟ್ಟಿಸಬಹುದು. ಕರೆಂಟಿನ ವೈರ್ ಇರುವ ಪೈಪಿನಲ್ಲಿ ಇದನ್ನು ತೂರಿಸಬೇಡಿ, ಟಿವಿ ಕೇಬಲ್ಲಿನ ಪೈಪಿನಲ್ಲಿ ಎಳೆಯಿರಿ.

ಫೋನಿಗೆ ಸ್ಟ್ರೀಮರೇ ಕಾಣುತ್ತಿಲ್ಲ ಎಂಬ ತೊಂದರೆಗೆ ಹೆಚ್ಚಿನ ಮನೆಗಳಲ್ಲಿ ಕಾರಣ ಒಂದೇ: ಇಂಟರ್ನೆಟ್ ಕಂಪನಿ ಕೊಟ್ಟ ಪೆಟ್ಟಿಗೆಯೂ ವೈಫೈ ಕೊಡುತ್ತಿದೆ, ನಾವು ಕೊಂಡ ರೌಟರೂ ಕೊಡುತ್ತಿದೆ. ಫೋನ್ ಒಂದರಲ್ಲಿ, ಸ್ಟ್ರೀಮರ್ ಇನ್ನೊಂದರಲ್ಲಿ. ಎರಡೂ ಬೇರೆ ಬೇರೆ ಕೇರಿಗಳಿದ್ದಂತೆ, ಒಂದರ ಕೂಗು ಇನ್ನೊಂದಕ್ಕೆ ಕೇಳಿಸದು. ನಮ್ಮ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿದರೆ ಮನೆಗೆಲ್ಲ ಒಂದೇ ನೆಟ್‌ವರ್ಕ್ ಆಗುತ್ತದೆ. ಗೆಸ್ಟ್ ವೈಫೈಗೆ ಫೋನ್ ಸೇರಿಸಿದ್ದರೂ ಇದೇ ಕತೆ. ಕರೆಂಟ್ ಹೋಗಿ ಬಂದಾಗ ಸ್ಟ್ರೀಮರ್ ಬೇಗ ಏಳುತ್ತದೆ, ಫೈಬರ್ ಪೆಟ್ಟಿಗೆ ನಿಧಾನಕ್ಕೆ ಏಳುತ್ತದೆ. ಆ ಸಂದಿನಲ್ಲಿ ಸಂಪರ್ಕ ಸಿಗದೆ ಕೆಲವು ಸ್ಟ್ರೀಮರುಗಳು ಸುಮ್ಮನೆ ಕೂತುಬಿಡುತ್ತವೆ. ಫೈಬರ್ ಪೆಟ್ಟಿಗೆಗೂ ರೌಟರಿಗೂ 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿದ ಮೇಲೆ ಈ ತಾಪತ್ರಯ ನಿಂತಿತು.

ಗುಂಯ್ ಸದ್ದಿನ ಬಗ್ಗೆ. ಇದನ್ನು ತಂಬೂರಿ ನುಡಿಯುತ್ತಿರುವಾಗ ಹುಡುಕಬೇಡಿ, ಅದರಲ್ಲಿ ಮುಚ್ಚಿಹೋಗುತ್ತದೆ. ರಾತ್ರಿ ಫ್ಯಾನ್ ಆರಿಸಿ, ಹಾಡು ನಿಲ್ಲಿಸಿ, ಆಂಪ್‌ನ ವಾಲ್ಯೂಮನ್ನು ಮಾಮೂಲಿ ಮಟ್ಟಕ್ಕೆ ತಿರುಗಿಸಿ ಸ್ಪೀಕರಿಗೆ ಕಿವಿ ಕೊಡಿ. ಮೊದಲು ಇನ್‌ಪುಟ್‌ಗಳೆಲ್ಲ ಬಿಚ್ಚಿ ಬರೀ ಆಂಪ್. ಆಮೇಲೆ ಸ್ಟ್ರೀಮರ್ ಒಂದೇ. ಆಮೇಲೆ ಟಿವಿ, ಸೆಟ್‌ಟಾಪ್ ಬಾಕ್ಸ್. ಪ್ರತಿ ಸಲ ಪ್ಲಗ್ ಬದಲಿಸುವ ಮುಂಚೆ ಆಂಪ್ ಆಫ್ ಇರಲಿ. ನನ್ನಲ್ಲಿ ಸದ್ದು ಹುಟ್ಟಿದ್ದು ಮೂರನೆಯ ಹಂತದಲ್ಲಿ: ಸೆಟ್‌ಟಾಪ್ ಬಾಕ್ಸಿಗೆ ಹೊರಗಿನಿಂದ ಬರುವ ಕೇಬಲ್ಲಿನ ಗ್ರೌಂಡ್ ಬೇರೆ, ಮನೆಯ ಅರ್ಥಿಂಗ್ ಬೇರೆ, ಎರಡರ ನಡುವಿನ ಸುತ್ತಿನಲ್ಲಿ 50 ಹರ್ಟ್ಸ್ ಹರಿಯುತ್ತಿತ್ತು. ಟಿವಿಯನ್ನು ಆಂಪ್‌ನಿಂದ ಬಿಡಿಸಿ, ಅದರ ಆಪ್ಟಿಕಲ್ಲನ್ನು ಸ್ಟ್ರೀಮರಿನ ಆಪ್ಟಿಕಲ್ ಇನ್‌ಗೆ ಕೊಟ್ಟೆ. ಗಾಜಿನಂಥ ಎಳೆಯಲ್ಲಿ ಬೆಳಕಷ್ಟೇ ಹರಿಯುವುದರಿಂದ ಸುತ್ತು ತುಂಡಾಯಿತು. ಹೊಸ ಆಪ್ಟಿಕಲ್ ಕೇಬಲ್ಲಿನ ಎರಡೂ ತುದಿಗೆ ಸಣ್ಣ ಪಾರದರ್ಶಕ ಟೋಪಿ ಇರುತ್ತದೆ, ತೆಗೆಯದೆ ಚುಚ್ಚಿದರೆ ದನಿ ಬರುವುದಿಲ್ಲ. ಸದ್ದು ಹೋಗಲಿ ಎಂದು ಆಂಪ್‌ನ ಮೂರು ಪಿನ್ ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವವರಿದ್ದಾರೆ. ಜೀವಕ್ಕೆ ಅಪಾಯ, ಬೇಡವೇ ಬೇಡ.

ವಾಲ್ಯೂಮ್ ಎಲ್ಲಿಂದ ನಿಯಂತ್ರಿಸುವುದು ಎಂದು ಮೊದಲೇ ತೀರ್ಮಾನಿಸಿ. ಇಂಟಿಗ್ರೇಟೆಡ್ ಆಂಪ್ ಇದ್ದರೆ ಸ್ಟ್ರೀಮರನ್ನು ಫಿಕ್ಸೆಡ್‌ಗೆ (ಅದರ ದನಿಯ ಮಟ್ಟ ಬದಲಾಗದ ಸೆಟ್ಟಿಂಗ್) ಹಾಕಿ, ಆಂಪ್‌ನ ಗುಂಡಿಯನ್ನೇ ತಿರುಗಿಸಿ. ಹಳೇ ಆಂಪ್‌ಗಳು 150-200 ಮಿಲಿವೋಲ್ಟಿಗೇ ಪೂರ್ತಿ ಶಕ್ತಿ ಕೊಡುವಂತೆ ಮಾಡಿದವು. 2 ವೋಲ್ಟ್ ಕೊಟ್ಟರೆ ಗುಂಡಿ ಸ್ವಲ್ಪ ತಿರುಗಿಸುವಷ್ಟರಲ್ಲೇ ದನಿ ತುಂಬ ಜೋರಾಗುತ್ತದೆ, ಆ ಶುರುವಿನ ಜಾಗದಲ್ಲಿ ಎಡ-ಬಲ ಸಮವಾಗಿಯೂ ಇರುವುದಿಲ್ಲ. ವಿಮ್‌ನ ಸೆಟ್ಟಿಂಗ್‌ನಲ್ಲಿ ಲೈನ್ ಔಟ್ ಮಟ್ಟ ಇಳಿಸಬಹುದು, ನಾನು 1 ವೋಲ್ಟಿಗೆ ಇಳಿಸಿದೆ. ವಾಲ್ಯೂಮ್ ಗುಂಡಿಯಿಲ್ಲದ ಪವರ್ ಆಂಪ್ ಅಥವಾ ಆಂಪ್ ಒಳಗೇ ಇರುವ ಸ್ಪೀಕರಿಗೆ ನೇರ ಸೇರಿಸುವವರು ಮಾತ್ರ ಫಿಕ್ಸೆಡ್ ಮುಟ್ಟಬಾರದು: ಮೊದಲ ಹಾಡಿಗೇ ಪೂರ್ತಿ ದನಿ ನುಗ್ಗಿ ಟ್ವೀಟರ್ ಸುಟ್ಟೀತು.

ಕೈಯಾರೆ ಕಟ್ಟಿಕೊಳ್ಳುವವರಿಗೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಇದೆ. ಪೈ 4, ಅದರ 40 ಪಿನ್ನಿನ ಮೇಲೆ ಕೂರುವ ಡ್ಯಾಕ್ ಬೋರ್ಡ್, 5 ವೋಲ್ಟ್ 3 ಆಂಪಿಯರ್ ಅಡಾಪ್ಟರ್, 16 ಜಿಬಿ ಕಾರ್ಡ್. ಪೈನ ಸ್ವಂತ 3.5 ಮಿಲಿಮೀಟರ್ ಜ್ಯಾಕ್ ಹೈಫೈಗೆ ಯೋಗ್ಯವಲ್ಲ, ಬೋರ್ಡ್ ಬೇಕೇ ಬೇಕು. ಫ್ಲ್ಯಾಕ್, ಏರ್‌ಪ್ಲೇ, ಸ್ಪಾಟಿಫೈ ಎಲ್ಲ ಆಗುತ್ತದೆ. ಗೂಗಲ್ ಕ್ಯಾಸ್ಟ್ ಆಗುವುದಿಲ್ಲ. ಕರೆಂಟ್ ಹೋಗುವ ಮನೆಗೆ ನಾನು ಹೇಳುವುದು ಪೈಕೋರ್‌ಪ್ಲೇಯರ್ ಎಂಬ ತಂತ್ರಾಂಶ: ಅದು ಪೂರ್ತಿ ರ‍್ಯಾಮಿನಲ್ಲಿ ಓಡುವುದರಿಂದ ತಟ್ಟನೆ ಕರೆಂಟ್ ಹೋದರೂ ಕಾರ್ಡ್ ಕೆಡುವ ಭಯ ಕಡಿಮೆ.

ಹೊರದೇಶದಿಂದ ತರಿಸುವುದಾದರೆ ಅಡಾಪ್ಟರಿನ ಮೇಲೆ 100-240 ವೋಲ್ಟ್ ಎಂದಿದೆಯೇ ಓದಿ. 120 ಎಂದಷ್ಟೇ ಇದ್ದರೆ ನಮ್ಮ 230ಕ್ಕೆ ಚುಚ್ಚುವ ಹಾಗಿಲ್ಲ. ಇಲ್ಲೇ ಕೊಂಡರೆ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ವಾರಂಟಿ ಭಾರತದ್ದೇ ಎಂದು ಕೇಳಿಕೊಳ್ಳಿ. ಹಿಂದಿರುಗಿಸುವ ಗಡುವು ಮುಗಿಯುವ ಮುನ್ನ ಒಂದು ಭಾನುವಾರ ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಲ್ಲಿಸದೆ ಓಡಿಸಿ. ರಾತ್ರಿ ಎಂಟರಿಂದ ಹತ್ತರ ನಡುವೆ, ಅಪಾರ್ಟ್‌ಮೆಂಟಿನ ಎಲ್ಲ ಟಿವಿಗಳೂ ವೈಫೈ ಎಳೆಯುವ ಹೊತ್ತಿನಲ್ಲಿ, ಎಷ್ಟು ಸಲ ಕಡಿಯಿತು ಎಂದು ಎಣಿಸಿ. ಎರಡು ಸಲಕ್ಕಿಂತ ಹೆಚ್ಚಾದರೆ ಮೊದಲು ಕ್ಯಾಟ್ 6 ಹಾಕಿ ನೋಡಿ. ತಂತಿಯಲ್ಲೂ ಕಡಿದರೆ ಡಬ್ಬಿಗೆ ಹಾಕಿ ವಾಪಸು ಕೊಡಿ.