ಹಾಡುವವರು ಬದಲಾದಾಗ: ಶರೀಫರ ಪದವೊಂದನ್ನು ಮತ್ತೆ ಕಟ್ಟಿದ ನನ್ನ ಅನುಭವ

ಒಬ್ಬರ ಧ್ವನಿಯಲ್ಲಿ ಜನರ ಕಿವಿಯಲ್ಲಿ ನೆಲೆಯೂರಿದ ಹಾಡನ್ನು ಇನ್ನೊಬ್ಬರು ಎತ್ತಿಕೊಂಡು ಹಾಡಿದರೆ ಅದನ್ನು ನಾವೀಗ ಕವರ್ ಎನ್ನುತ್ತೇವೆ. ಬೆಂಗಳೂರಿನ ಸಣ್ಣ ಸಭೆಗಳಲ್ಲಿ, ಸ್ನೇಹಿತರ ಮನೆಯ ಗೋಷ್ಠಿಗಳಲ್ಲಿ ಗಿಟಾರ್ ಹಿಡಿದು ಹಾಡುವ ನಾನು ವರ್ಷಗಳಿಂದ ಮಾಡುತ್ತ ಬಂದಿರುವುದು ಹೆಚ್ಚಾಗಿ ಇದೇ ಕೆಲಸ. ಬಹುಪಾಲು ಕವರ್‌ಗಳು ಮೂಲದ ನೆರಳಾಗಿಯೇ ಉಳಿಯುತ್ತವೆ; ಕೆಲವೇ ಕೆಲವು ಮೂಲಕ್ಕೆ ಸರಿಸಾಟಿಯಾಗಿ ನಿಲ್ಲುತ್ತವೆ; ಅಪರೂಪಕ್ಕೆ ಒಂದು ಮೂಲವನ್ನೂ ಮೀರಿಸುತ್ತದೆ. ಹಾಗೆ ಮೀರಿಸಿದವುಗಳಲ್ಲಿ ಕಂಠದ ಶ್ರೇಷ್ಠತೆಗಿಂತ ಬೇರೆಯದೇ ಒಂದು ಕಾರಣವಿರುತ್ತದೆ ಎಂಬುದು ಶಿಶುನಾಳ ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’ ಪದವನ್ನು ನನ್ನ ರೀತಿಯಲ್ಲಿ ಕಟ್ಟುವಾಗ ನನಗೆ ಖಚಿತವಾಯಿತು. ಹಾಡಿನೊಳಗೆ ಮಾತಾಡುವ ವ್ಯಕ್ತಿ ಬದಲಾಗಬೇಕು. ಉಳಿದ ಬದಲಾವಣೆಗಳೆಲ್ಲ ಅಲ್ಲಿಂದಲೇ ಹುಟ್ಟಬೇಕು.

ಇದನ್ನು ನನಗೆ ಮೊದಲು ಕಲಿಸಿದ್ದು ಅಮೆರಿಕದ ಗಾಯಕಿ ಅರೀಥಾ ಫ್ರಾಂಕ್ಲಿನ್. ‘ರೆಸ್ಪೆಕ್ಟ್’ ಹಾಡನ್ನು ಬರೆದು 1965ರಲ್ಲಿ ಹಾಡಿದವರು ಓಟಿಸ್ ರೆಡಿಂಗ್. ಅವರ ಹಾಡಿನಲ್ಲಿ ದುಡಿದು ಮನೆಗೆ ಬರುವ ಗಂಡಸು ತನಗೆ ಸಲ್ಲಬೇಕಾದ ಮರ್ಯಾದೆಯನ್ನು ಕೇಳುತ್ತಾನೆ. ಅರೀಥಾ 1967ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಅದನ್ನು ಹಾಡಿದಾಗ ಅವರಿಗೆ 24 ವರ್ಷ. ಹೆಣ್ಣು ಹಾಡಿದ ಕೂಡಲೇ ಅದೇ ಬೇಡಿಕೆ ಬೇರೆಯ ಬೇಡಿಕೆಯಾಯಿತು. ಆದರೆ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಹಾಡಿನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳುವ, ಇಂದು ಎಲ್ಲರೂ ಗುನುಗುವ ಆ ಭಾಗ ಓಟಿಸ್ ಅವರ ಧ್ವನಿಮುದ್ರಣದಲ್ಲಿ ಇಲ್ಲ. ಸೋದರಿಯರಾದ ಎರ್ಮಾ ಮತ್ತು ಕ್ಯಾರೊಲಿನ್ ಹಿಂದಿನಿಂದ ದನಿಗೂಡಿಸಿದ್ದರಿಂದ ಒಬ್ಬಳ ಮಾತು ಒಂದು ಗುಂಪಿನ ಮಾತಾಯಿತು. ಮೂಲದಲ್ಲಿ ಇಲ್ಲದಿದ್ದ ನಡುಖಂಡವೊಂದನ್ನು ಸೇರಿಸಿ, ಅಲ್ಲಿ ಕಿಂಗ್ ಕರ್ಟಿಸ್ ಸ್ಯಾಕ್ಸೊಫೋನ್ ನುಡಿಸಿದರು. ಹಾಡು ಇರುವುದು ಸಿ ಶ್ರುತಿಯಲ್ಲಿ. ನಡುಖಂಡ ಮಾತ್ರ ಇದ್ದಕ್ಕಿದ್ದಂತೆ ಎಫ್ ಶಾರ್ಪ್ ಮೈನರ್‌ಗೆ ಜಿಗಿಯುತ್ತದೆ, ಅಂದರೆ ಷಡ್ಜದಿಂದ ಪ್ರತಿಮಧ್ಯಮಕ್ಕೆ, ಇರುವುದರಲ್ಲೇ ಅತಿ ದೂರದ ಸ್ವರಕ್ಕೆ. ಗಿಟಾರಿನಲ್ಲಿ ನಾನೇ ಅದನ್ನು ನುಡಿಸಿ ನೋಡಿದಾಗ ಆ ಜಿಗಿತದ ಧೈರ್ಯ ಅರ್ಥವಾಯಿತು: ಹೊರಳಿ ಹೋಗಿ, ಅಷ್ಟೇ ಸಲೀಸಾಗಿ ಹಿಂತಿರುಗಿ, ಏನೂ ಆಗಿಲ್ಲವೆಂಬಂತೆ ಹಾಡು ಮುಂದುವರಿಯುತ್ತದೆ. ಆ ವರ್ಷದ ಮಾಂಟೆರೆ ಸಂಗೀತೋತ್ಸವದ ವೇದಿಕೆಯಲ್ಲಿ ಓಟಿಸ್ ಅವರೇ, ಒಬ್ಬ ಹುಡುಗಿ ತಮ್ಮಿಂದ ಈ ಹಾಡನ್ನು ಕಿತ್ತುಕೊಂಡಳೆಂದು ಪ್ರೀತಿಯಿಂದ ಒಪ್ಪಿಕೊಂಡರು. ನನ್ನ ಮಟ್ಟಿಗೆ, ಮೂಲವನ್ನು ನಿಸ್ಸಂದೇಹವಾಗಿ ಮೀರಿಸಿದ ಕವರ್ ಎಂದರೆ ಇದೇ.

ಎರಡನೆಯ ಪಾಠ ಅಮೆರಿಕದ ಗಾಯಕ ಜಾನಿ ಕ್ಯಾಶ್ ಅವರದು, ಮತ್ತು ಶರೀಫರ ಪದಕ್ಕೆ ನನ್ನನ್ನು ಕರೆದೊಯ್ದದ್ದೂ ಅದೇ. ‘ಹರ್ಟ್’ ಹಾಡನ್ನು ಬರೆದವರು ನೈನ್ ಇಂಚ್ ನೇಲ್ಸ್ ತಂಡದ ಟ್ರೆಂಟ್ ರೆಜ್ನರ್. ಅದು ಬಂದದ್ದು 1994ರಲ್ಲಿ, ಅವರು ಇನ್ನೂ ಮೂವತ್ತು ದಾಟಿರಲಿಲ್ಲ. ಅವರ ಗಿಟಾರಿನ ಹಂದರದಲ್ಲಿ ಬೇಕೆಂದೇ ಇಟ್ಟ ಅಪಸ್ವರವೊಂದು ಚುಚ್ಚುತ್ತಲೇ ಇರುತ್ತದೆ, ಕೊನೆಗೆ ಎಲ್ಲವೂ ಗದ್ದಲದಲ್ಲಿ ಮುಳುಗುತ್ತದೆ. 2002ರಲ್ಲಿ ನಿರ್ಮಾಪಕ ರಿಕ್ ರೂಬಿನ್ ಅವರೊಂದಿಗೆ ಅದನ್ನು ಹಾಡಿದ ಕ್ಯಾಶ್ ಅವರಿಗೆ 70 ವರ್ಷ, ದೇಹ ಕಾಯಿಲೆಯಿಂದ ಸೋತಿತ್ತು. ಅಪಸ್ವರವನ್ನು ತೆಗೆದುಹಾಕಿ, ಎ ಮೈನರ್, ಸಿ, ಡಿ ಎಂಬ ಮೂರು ಸರಳ ಕಾರ್ಡ್‌ಗಳ (ಒಟ್ಟಿಗೆ ಮೀಟುವ ಸ್ವರಗುಚ್ಛಗಳ) ಮೇಲೆ ಹಾಡಿನ ಚರಣಗಳನ್ನು ನಿಲ್ಲಿಸಿದರು. ಅಸಭ್ಯವಾದ ಒಂದು ಪದವನ್ನು ಬದಲಿಸಿ ಅಲ್ಲಿ ಮುಳ್ಳಿನ ಕಿರೀಟವನ್ನು ತಂದರು, ಅಷ್ಟರಿಂದಲೇ ಹಾಡಿನೊಳಕ್ಕೆ ಕ್ರಿಸ್ತ ಬಂದುಬಿಟ್ಟ. ಯುವಕನ ಬಾಯಲ್ಲಿ ಆತ್ಮದ್ವೇಷವಾಗಿದ್ದ ಮಾತುಗಳು ಮುದುಕನ ಬಾಯಲ್ಲಿ ಬದುಕಿನ ಲೆಕ್ಕ ಒಪ್ಪಿಸುವ ಮಾತುಗಳಾದವು. ಕೊನೆಗೆ ಪಿಯಾನೊದ ಒಂದೇ ಸ್ವರವನ್ನು ಮತ್ತೆ ಮತ್ತೆ, ಏರುತ್ತಿರುವ ಬಲದಲ್ಲಿ ಕುಟ್ಟುತ್ತ ಹೋಗುತ್ತಾರೆ. ಹಾಡು ದೊಡ್ಡದಾಗುವುದು ಅಷ್ಟರಿಂದಲೇ. ಅದನ್ನು ಕೇಳಿದ, ಅದರ ವಿಡಿಯೊ ನೋಡಿದ ಮೇಲೆ ಹಾಡು ಇನ್ನು ತನ್ನದಲ್ಲವೆನಿಸಿತೆಂದು ರೆಜ್ನರ್ ಹೇಳಿದ್ದಾರೆ. ಆದರೂ ಇಲ್ಲಿ ನಾನು ಮೂಲವನ್ನು ಬಿಟ್ಟುಕೊಡುವುದಿಲ್ಲ. ಆ ಚುಚ್ಚುವ ಸ್ವರವಿಲ್ಲದೆ ಯೌವನದ ಆ ನೋವು ಕೇಳಿಸುವುದಿಲ್ಲ. ಇವೆರಡೂ ಒಂದಕ್ಕೊಂದು ಸಾಟಿ.

ಶರೀಫರ ಪದಗಳ ವಿಷಯ ಸ್ವಲ್ಪ ಬೇರೆ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಅವರ ಧ್ವನಿಯಲ್ಲಿ ಯಾವ ಮುದ್ರಣವೂ ಇಲ್ಲ, ಹಾಗಾಗಿ ಮೂಲ ಎಂಬುದು ಕಟ್ಟುನಿಟ್ಟಾಗಿ ಇಲ್ಲವೇ ಇಲ್ಲ. ಆದರೆ ಕನ್ನಡಿಗರ ಕಿವಿಗೆ ಸಿ. ಅಶ್ವತ್ಥರೇ ಮೂಲ. ಅವರ ತುಂಬುಗಂಠದಲ್ಲಿ ಈ ಪದ ಇಡೀ ಊರನ್ನು ಎಬ್ಬಿಸುವ ಕೂಗಿನಂತಿದೆ. ಆ ಎತ್ತರಕ್ಕೆ ಹೋಗಿ ಅವರೊಂದಿಗೆ ಪೈಪೋಟಿ ಮಾಡುವ ಶಕ್ತಿ ನನ್ನ ಕಂಠಕ್ಕಿಲ್ಲ, ಮಾಡುವ ಅಗತ್ಯವೂ ಕಾಣಲಿಲ್ಲ. ಪದವನ್ನು ಧಾಟಿಯಿಂದ ಬಿಡಿಸಿ ಬರೀ ಓದಿದೆ. ಆಗ ಕಣ್ಣಿಗೆ ಬಿದ್ದದ್ದು ಒಂದೇ ಸಂಗತಿ: ಮನೆ ಸೋರುತ್ತಿದೆ, ದುರಸ್ತಿ ಮಾಡುವವರಿಲ್ಲ, ಮತ್ತು ಹೇಳುತ್ತಿರುವವನಿಗೆ ಕತ್ತಲೆಯಲ್ಲಿ ಮೇಲೇರಿ ಮೆಟ್ಟಲು ಆಗುವುದಿಲ್ಲ. ಹತ್ತಲಾರದವನು ಯಾರು? ಅಶ್ವತ್ಥರು ಹಾಡುವಾಗ ಅವನು ಲೋಕವನ್ನು ಎಚ್ಚರಿಸುವ ಸಂತ. ನನಗೆ ಕಂಡವನು ಮುರುಕು ತೊಲೆಯ, ಹುಳುಕು ಜಂತಿಯ ಕೆಳಗೆ ಒಬ್ಬನೇ ಕುಳಿತ ವೃದ್ಧ. ಮನೆ ಎಂದರೆ ದೇಹ ಎಂಬ ತತ್ವಾರ್ಥ ಎಲ್ಲರಿಗೂ ಗೊತ್ತು. ವೃದ್ಧನ ಬಾಯಲ್ಲಿ ಆ ಅರ್ಥವನ್ನು ಯಾರೂ ವಿವರಿಸಿ ಹೇಳಬೇಕಾಗುವುದಿಲ್ಲ.

ಆ ವೃದ್ಧ ಸಿಕ್ಕಿದ ಮೇಲೆ ಉಳಿದ ತೀರ್ಮಾನಗಳು ತಾವಾಗಿಯೇ ಬಂದವು. ಧಾಟಿಗೆ ಅಶ್ವತ್ಥರ ಸಂಯೋಜನೆಯನ್ನು ಎತ್ತಿಕೊಳ್ಳದೆ, ಭಜನಾ ಮೇಳಗಳಿಂದ ಕೇಳಿ ಕಲಿತಿದ್ದ ಸರಳವಾದ ಮಟ್ಟನ್ನು ಇಟ್ಟುಕೊಂಡೆ. ಇದಕ್ಕೆ ಇನ್ನೊಂದು ಕಾರಣವೂ ಇದೆ, ಕವರ್ ಮಾಡುವ ಕಿರಿಯರು ಇದನ್ನು ತಿಳಿದಿರಬೇಕು. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 31ಸಿ ಕಲಮಿನ ಪ್ರಕಾರ, ಮೊದಲ ಧ್ವನಿಮುದ್ರಣದ ವರ್ಷ ಮುಗಿದು ಐದು ವರ್ಷ ಕಳೆಯುವ ಮುನ್ನ ಈ ದಾರಿಯಲ್ಲಿ ಕವರ್ ಹೊರತರುವಂತಿಲ್ಲ, ಮುಂಚಿತವಾಗಿ ತಿಳಿಸಿ ರಾಯಧನ ಕೊಡಬೇಕು, ಮತ್ತು ತಾಂತ್ರಿಕವಾಗಿ ಅನಿವಾರ್ಯವಲ್ಲದ ಬದಲಾವಣೆಯನ್ನು ಹಕ್ಕುದಾರರ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. ಶರೀಫರ ಸಾಹಿತ್ಯ ಎಲ್ಲರದು. ಈಚಿನ ರಾಗಸಂಯೋಜನೆಗಳು ಹಾಗಲ್ಲ.

ನಾನು ಸಾಮಾನ್ಯವಾಗಿ ಹಾಡುವುದು ಸಿ ಶಾರ್ಪ್ ಶ್ರುತಿಯಲ್ಲಿ. ಈ ಪದಕ್ಕೆ ಅದನ್ನು ಎ ವರೆಗೂ ಇಳಿಸಿದೆ. ಮಂದ್ರದಲ್ಲಿ ನನ್ನ ಧ್ವನಿ ಅರ್ಧ ಉಸಿರಾಗಿ, ಅರ್ಧ ಸ್ವರವಾಗಿ ಕೇಳುತ್ತದೆ, ಇಲ್ಲಿ ಬೇಕಾಗಿದ್ದು ಅದೇ. ಮೇಲೇರಲಾರೆ ಎನ್ನುವ ಸಾಲಿನಲ್ಲಿ ಮಟ್ಟು ಮೇಲಿನ ಷಡ್ಜದ ಕಡೆಗೆ ಹೊರಡುತ್ತದೆ. ನಾನು ಪಂಚಮದಲ್ಲೇ ನಿಂತು, ಅದನ್ನು ಸ್ವಲ್ಪ ನಡುಗಲು ಬಿಟ್ಟು, ಕೆಳಗಿಳಿದುಬಿಡುತ್ತೇನೆ. ಕೇಳುಗರ ಕಿವಿ ಮುಂದಿನ ಸ್ವರಕ್ಕಾಗಿ ಕಾಯುತ್ತದೆ, ಅದು ಬರುವುದಿಲ್ಲ. ಗಿಟಾರಿನಲ್ಲಿ ಎ ತಂತಿಯನ್ನು ತಂಬೂರಿಯಂತೆ ಮೀಟುತ್ತ, ಪ್ರತಿ ಸಾಲಿಗೆ ಎರಡೇ ಕಾರ್ಡ್‌ಗಳನ್ನು ಉಳಿಸಿಕೊಂಡೆ. ತಾಳವಾದ್ಯವನ್ನು ಪೂರ್ತಿ ಬಿಟ್ಟೆ. ಲಯ ಎಣಿಸುವ ಮೆಟ್ರೊನೋಮ್ ಹಾಕದೆ ಹಾಡಿದ್ದರಿಂದ ಸಾಲು ಸಾಲಿನ ನಡುವೆ ವಿರಾಮಗಳು ಉಸಿರಿಗೆ ತಕ್ಕಂತೆ ಹಿಗ್ಗಿದವು.

ನನಗೆ ಅತ್ಯಂತ ಪ್ರಿಯವಾದ ಭಾಗ ಹಾರ್ಮೋನಿಯಂದು. ಸ್ನೇಹಿತರೊಬ್ಬರ ಹಳೆಯ ಪೆಟ್ಟಿಗೆಯ ತಿದಿಯಲ್ಲಿ ಸಣ್ಣ ಬಿರುಕುಗಳಿದ್ದವು. ಯಾವ ಸ್ವರದ ಕೀಲಿಯನ್ನೂ ಒತ್ತದೆ ತಿದಿಯನ್ನು ಹಾಕಿದರೂ ಗಾಳಿ ಸೋರುವ ಸುಯ್ಯೆಂಬ ಸದ್ದು ಬರುತ್ತಿತ್ತು. ಪದ ಶುರುವಾಗುವುದು ಆ ಸದ್ದಿನಿಂದಲೇ, ಸ್ವರವೇ ಇಲ್ಲದೆ. ಮೈಕನ್ನು ತಿದಿಯ ಹಿಂಬದಿಗೆ ತೀರ ಹತ್ತಿರವಿಟ್ಟು ಅದನ್ನು ಹಿಡಿದೆವು. ಕೊನೆಯ ಚರಣದಲ್ಲಿ ಕ್ಯಾಶ್ ಅವರ ಪಿಯಾನೊವನ್ನು ನೆನೆದು, ಒಂದೇ ಷಡ್ಜವನ್ನು ಒತ್ತಿ ಹಿಡಿದು ತಿದಿಯ ಒತ್ತಡವನ್ನು ಹೆಚ್ಚಿಸುತ್ತ ಹೋದೆವು. ಸ್ವರ ಒಂದೇ, ಬೆಳೆಯುವುದು ಗಾಳಿ ಮಾತ್ರ. ಮುದ್ರಣದ ನಂತರ ಧ್ವನಿಯನ್ನು ತಿದ್ದುವ ಯಾವ ತಂತ್ರಾಂಶವನ್ನೂ ಬಳಸಲಿಲ್ಲ, ಉಸಿರಿನ ಸದ್ದುಗಳನ್ನೂ ಅಳಿಸಲಿಲ್ಲ.

ಎಷ್ಟು ಬದಲಿಸಬೇಕು ಎಂಬುದಕ್ಕಿಂತ ಯಾವುದನ್ನು ಮುಟ್ಟಬಾರದು ಎಂಬ ಪ್ರಶ್ನೆ ಕಷ್ಟದ್ದು. ಬಾಬ್ ಡಿಲನ್ ಅವರ ‘ಆಲ್ ಅಲಾಂಗ್ ದ ವಾಚ್‌ಟವರ್’ ಹಾಡನ್ನು ಜಿಮಿ ಹೆಂಡ್ರಿಕ್ಸ್ 1968ರಲ್ಲಿ ಎಷ್ಟೇ ಬಿರುಗಾಳಿಯಾಗಿ ಮಾಡಿದರೂ, ಸುತ್ತಿ ಸುತ್ತಿ ಬರುವ ಆ ಮೂರು ಕಾರ್ಡ್‌ಗಳು, ಮೂರು ಚರಣಗಳು ಹಾಗೆಯೇ ಉಳಿದಿವೆ. ಚರಣಗಳ ನಡುವೆ ಡಿಲನ್ ಹಾರ್ಮೋನಿಕಾಗೆ ಬಿಟ್ಟಿದ್ದ ಜಾಗದಲ್ಲಿ ಹೆಂಡ್ರಿಕ್ಸ್ ತಮ್ಮ ಗಿಟಾರನ್ನು ತಂದರು. ಮುಂದೆ ಡಿಲನ್ ಅವರೇ ವೇದಿಕೆಯ ಮೇಲೆ ಅದನ್ನು ಹೆಂಡ್ರಿಕ್ಸ್ ಅವರ ಹಾದಿಯಲ್ಲಿ ಹಾಡತೊಡಗಿದ್ದು ಕವರ್‌ಗೆ ಸಿಗಬಹುದಾದ ಅತಿ ದೊಡ್ಡ ಗೌರವ. ನಾನು ಶರೀಫರ ಸಾಹಿತ್ಯದ ಒಂದು ಶಬ್ದವನ್ನೂ ಬದಲಿಸಲಿಲ್ಲ. ‘ಮಾಳಿಗಿ’ಯನ್ನು ‘ಮಾಳಿಗೆ’ ಮಾಡುವಂತೆ ಸಲಹೆ ಬಂದಿತ್ತು. ಆ ಇಕಾರದಲ್ಲಿ ಅವರ ಸೀಮೆಯೇ ಇದೆ, ಅದು ಹೋದರೆ ವೃದ್ಧನೂ ಹೋಗುತ್ತಾನೆ.

ಹೀಗೆ ಕಟ್ಟಿದ್ದು ಅಶ್ವತ್ಥರನ್ನು ಮೀರಿಸಿತೇ ಎಂದು ಯಾರಾದರೂ ಕೇಳಿದರೆ, ಇಲ್ಲ ಎಂದೇ ಹೇಳುತ್ತೇನೆ. ಅವರ ಹಾಡಿನ ಮುಂದೆ ಸಾವಿರ ಜನ ಒಟ್ಟಿಗೆ ಎದ್ದು ನಿಲ್ಲಬಲ್ಲರು; ನನ್ನದನ್ನು ಒಂದು ಕೋಣೆಯಷ್ಟು ಜನ ಮಾತ್ರ ಕೇಳಬಹುದು. ಆದರೆ ಆ ಕೋಣೆಯಲ್ಲಿ ಕೇಳಿದವರು ಅಶ್ವತ್ಥರಿಗೆ ಹೋಲಿಸುವುದನ್ನು ಬಿಟ್ಟು, ತಮ್ಮ ಮನೆಯ ಹಿರಿಯರ ಬಗ್ಗೆ ಮಾತಾಡಿದರು.

ಈಗ ಇದೇ ಪದವನ್ನು ಜೊತೆಗಾರ ಗಾಯಕಿಯೊಬ್ಬರಿಗಾಗಿ ಇನ್ನೊಮ್ಮೆ ಕಟ್ಟುತ್ತಿದ್ದೇನೆ. ಸೋರುವ ಮನೆಯೊಳಗೆ ಪಾತ್ರೆಗಳನ್ನು ಒಡ್ಡುತ್ತ ಓಡಾಡುವವಳು ಹೆಣ್ಣು. ಅವಳು ಹಾಡಿದರೆ ದುರಸ್ತಿ ಮಾಡುವವರಿಲ್ಲ ಎಂಬ ಮಾತು ನೇರವಾಗಿ ಎದುರಿಗಿರುವವರನ್ನು ತಟ್ಟುತ್ತದೆ. ಅದಕ್ಕೆ ವೇಗ ಬೇಕು, ಚಪ್ಪಾಳೆಯ ತಾಳ ಬೇಕು, ಹಿಂದೆ ಇಬ್ಬರು ಹೆಂಗಸರ ದನಿ ಬೇಕು. ಹಾರ್ಮೋನಿಯಂ ಇಲ್ಲಿ ಬೇಡವೆಂದು ಅವರೇ ಹೇಳಿದರು, ಗಿಟಾರನ್ನೂ ಬಿಡುವುದೇ ಸರಿಯೆಂದು ನನಗೆ ಅನಿಸುತ್ತಿದೆ.